ಎಳೆಯುವುದಕ್ಕೆ ತೊಂದರೆ ಇರಲಿಲ್ಲ: ಪುಣೆಯ ಒಂದು ಕ್ಯಾರವಾನಿನ ತೂಕದ ಲೆಕ್ಕ

ಪುಣೆಯ ಕೋಥ್ರೂಡಿನಲ್ಲಿರುವ, ಗೋಕಾಕ ಕಡೆಯ ಒಂದು ಕುಟುಂಬ ಕ್ಯಾರವಾನ್ ಮಾಡಿಸಿಕೊಂಡಿತು. ಎಂಜಿನ್ ಇರುವ ದೊಡ್ಡ ಕ್ಯಾರವಾನ್ ಅಲ್ಲ. ಕಾರಿನ ಹಿಂದೆ ಕಟ್ಟಿ ಎಳೆಯುವ ಎರಡು ಚಕ್ರದ ಟ್ರೇಲರ್. ಒಳಗೆ ಹಾಸಿಗೆ, ಒಲೆ, ಸಿಂಕ್, ಮೇಲೊಂದು ಏಸಿ. ಎಳೆಯಲು ಮನೆಯಲ್ಲಿ ಮೊದಲೇ ಏಳು ಸೀಟಿನ ಡೀಸೆಲ್ ಗಾಡಿ ಇತ್ತು. ಲ್ಯಾಡರ್ ಚಾಸಿ, ಹಿಂದಿನ ಚಕ್ರಗಳಿಗೆ ಪವರ್, ಸುಮಾರು 150 ಪಿಎಸ್ (ಅಶ್ವಶಕ್ತಿ) ಎಂಜಿನ್, ಮ್ಯಾನ್ಯುಯಲ್ ಗೇರು. ಮಾಡೆಲ್ ಹೆಸರು ಬರೆಯುವುದಿಲ್ಲ. ಬರೆದರೆ ಲೆಕ್ಕ ಪಕ್ಕಕ್ಕೆ ಹೋಗಿ, ಆ ಗಾಡಿ ಒಳ್ಳೆಯದೋ ಕೆಟ್ಟದ್ದೋ ಅನ್ನುವ ವಾದ ಶುರುವಾಗುತ್ತದೆ.

ಮನೆಯ ಯಜಮಾನರನ್ನು ನಾನು ಕಾಕಾ ಅಂತ ಕರೆಯುತ್ತೇನೆ, ಅವರ ಹೆಂಡತಿಯನ್ನು ಕಾಕು. ನಾನು ಚಾಕಣದಲ್ಲಿ ಬ್ರೇಕ್ ಬಿಡಿಭಾಗಗಳ ಕೆಲಸದಲ್ಲಿರುವವನು. ಹಾಗಾಗಿ ಟ್ರೇಲರ್ ತೊಂದರೆ ಕೊಟ್ಟಾಗ ಫೋನ್ ನನಗೇ ಬಂತು.

ತೊಂದರೆ ಏನು? ಟ್ರೇಲರ್ ತಯಾರಾದದ್ದು ಶಿರವಳದ ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿಂದ ಪುಣೆಗೆ ತರುವಾಗ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆ ಕಡೆಗೆ ಇಳಿಯಬೇಕು. ಆ ಇಳಿಜಾರಿನ ಅಪಘಾತಗಳ ಸುದ್ದಿ ಪುಣೆಯವರಿಗೆಲ್ಲ ಗೊತ್ತು. ಕಾಕಾನ ಮಗ ಓಡಿಸುತ್ತಿದ್ದ. ಪಕ್ಕದಲ್ಲಿ ಒಂದು ಕಂಟೇನರ್ ಲಾರಿ ಹಾದುಹೋದದ್ದೇ ತಡ, ಟ್ರೇಲರ್ ಎಡಕ್ಕೆ ಬಲಕ್ಕೆ ತೂಗಾಡತೊಡಗಿತು. ಕಾರಿನ ಹಿಂಭಾಗವನ್ನೂ ಜೊತೆಗೇ ಎಳೆದಾಡಿತು. ಅವನು ಎಕ್ಸಲರೇಟರ್ ಬಿಟ್ಟು, ಸ್ಟೀರಿಂಗ್ ಗಟ್ಟಿಯಾಗಿ ನೇರ ಹಿಡಿದ. ಅದೇ ಸರಿಯಾದ ಕೆಲಸ. ಆಚೆ ಈಚೆ ತಿರುಗಿಸಿ ಸರಿಪಡಿಸಲು ಹೋಗಿದ್ದರೆ ಓಲಾಟ ಇನ್ನೂ ಜಾಸ್ತಿ ಆಗುತ್ತಿತ್ತು. ವೇಗ ಇಳಿದ ಮೇಲೆ ತಾನಾಗಿ ನಿಂತಿತು.

ಮನೆಯಲ್ಲಿ ಎರಡು ಪಕ್ಷವಾಯಿತು. ಮಗನ ಪ್ರಕಾರ ಗಾಡಿಗೆ ಶಕ್ತಿ ಸಾಲದು, ದೊಡ್ಡ ಎಸ್‌ಯುವಿ ತಗೋಬೇಕು. ಕಾಕಾ ಮಾತ್ರ ಒಪ್ಪಲಿಲ್ಲ. "ಆರಾಮ ಎಳೀತೈತಿ ತಮ್ಮಾ, ಮೂರನೇ ಗೇರಿನ್ಯಾಗ ಏರು ಹತ್ತೈತಿ. ಶಕ್ತಿ ಕಡಿಮಿ ಅಂತ ಹೆಂಗ ಅನ್ನೂದು?" ವರ್ಕ್‌ಶಾಪಿನವರೂ ಅದನ್ನೇ ಹೇಳಿ ಕಳಿಸಿದ್ದರಂತೆ: "ಗಾಡಿ ಖೆಚತೇ, ಟೆನ್ಶನ್ ನಕೋ." ಗಾಡಿ ಎಳೆಯುತ್ತೆ, ಚಿಂತೆ ಬೇಡ ಅಂತ.

ಎಳೆಯುವ ಮಾತಿನಲ್ಲಿ ಕಾಕಾ ಹೇಳಿದ್ದು ನಿಜವೇ. ಕಾರು, ಜನ, ಸಾಮಾನು, ಟ್ರೇಲರ್ ಎಲ್ಲ ಸೇರಿ 3,650 ಕೆಜಿ ಅಂತ ಹಿಡಿಯಿರಿ. ಎಂಟು ಪರ್ಸೆಂಟ್ ಏರಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹತ್ತಲು ಬೇಕಾದದ್ದು ಸುಮಾರು 50 ಪಿಎಸ್. ಎಂಜಿನ್ನಿನಲ್ಲಿ ಅದರ ಮೂರು ಪಟ್ಟು ಇದೆ. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಕ್ಲಚ್ಚಿಗೆ ಕಷ್ಟ, ಮೇ ತಿಂಗಳ ಬಿಸಿಲಿನಲ್ಲಿ ರೇಡಿಯೇಟರಿಗೆ ಕಷ್ಟ, ಅಷ್ಟೆ. ಈಗಿನ ಡೀಸೆಲ್ ಎಂಜಿನ್ ಏನನ್ನಾದರೂ ಎಳೆಯುತ್ತದೆ. ಹಾಗಾಗಿಯೇ "ಎಳೆಯುತ್ತಾ?" ಅನ್ನುವ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಎಷ್ಟು ಹೊರುತ್ತದೆ, ಬ್ರೇಕ್ ಎಷ್ಟನ್ನು ನಿಲ್ಲಿಸುತ್ತದೆ, ಟ್ರೇಲರಿನ ಟೈರು ಎಷ್ಟು ತಡೆಯುತ್ತದೆ, ಇವನ್ನು ಕೇಳಬೇಕು.

ಕಾಗದದ ತೂಕ, ಕಾಟಾದ ತೂಕ

ವರ್ಕ್‌ಶಾಪ್ ಕೊಟ್ಟ ಹಾಳೆಯಲ್ಲಿ ಟ್ರೇಲರಿನ ತೂಕ 950 ಕೆಜಿ ಎಂದಿತ್ತು. ಅದು ಖಾಲಿ ಪೆಟ್ಟಿಗೆಯ ತೂಕ. ಏಸಿ, ಬ್ಯಾಟರಿ, ಕಬ್ಬಿಣದ ಪೈಪಿನ ಚಪ್ಪರ ಎಲ್ಲ ಆಮೇಲೆ ಏರಿದವು. ಹೈವೇ ಪಕ್ಕದ, ಲಾರಿ ತೂಗುವ ವೇಬ್ರಿಜ್‌ಗೆ ತಗೊಂಡು ಹೋದೆವು. ಪ್ರಯಾಣಕ್ಕೆ ಹೇಗೆ ಹೊರಡುತ್ತೀರೋ ಹಾಗೇ ಬನ್ನಿ ಅಂತ ಹೇಳಿದ್ದೆ. ಕಾಕು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ನೀರಿನ ಟ್ಯಾಂಕ್ ತುಂಬಿತ್ತು, 80 ಲೀಟರ್ ಅಂದರೆ 80 ಕೆಜಿ. ಮನೆಬಳಕೆಯ ಗ್ಯಾಸ್ ಸಿಲಿಂಡರ್ ಎರಡು. ಒಂದರಲ್ಲಿ 14.2 ಕೆಜಿ ಗ್ಯಾಸು, ಖಾಲಿ ಸಿಲಿಂಡರಿನ ತೂಕವೂ ಹತ್ತಿರ ಹತ್ತಿರ ಅಷ್ಟೇ. ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಎರಡು, ಒಂದೊಂದು 55 ಕೆಜಿ. ಜೋಳದ ಹಿಟ್ಟಿನ ಡಬ್ಬಿ, ಎರಡು ಕುಕ್ಕರ್, ಉಪ್ಪಿನಕಾಯಿ ಭರಣಿ.

ಕಾಟಾ ತೋರಿಸಿದ್ದು 1,390 ಕೆಜಿ.

ಟ್ರೇಲರಿನ ಟೈರಿನ ಪಕ್ಕೆಯಲ್ಲಿ ಬರೆದದ್ದನ್ನು ಅಲ್ಲೇ ಬಗ್ಗಿ ಓದಿದೆ. 155/80 ಆರ್13, ಪಕ್ಕದಲ್ಲಿ 79. ಆ 79 ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರು ಹೊರಬಹುದಾದದ್ದು 437 ಕೆಜಿ. ಎರಡಕ್ಕೆ 874. ಅವುಗಳ ಮೇಲೆ ಕೂತಿದ್ದದ್ದು 1,300 ಕೆಜಿಗೂ ಜಾಸ್ತಿ. ನವಲೆ ಸೇತುವೆಯ ಓಲಾಟಕ್ಕಿಂತ ನನಗೆ ಇದೇ ಹೆಚ್ಚು ಭಯ ಹುಟ್ಟಿಸಿತು. ಓಲಾಟ ಕಣ್ಣಿಗೆ ಕಾಣುತ್ತದೆ. ಟೈರು ಒಳಗೊಳಗೇ ಬಿಸಿಯಾಗಿ ಸಿಡಿಯುವವರೆಗೆ ಏನೂ ಕಾಣುವುದಿಲ್ಲ.

ಅದೇ ಹೊತ್ತಿಗೆ ಕಾರನ್ನೂ ತೂಗಿಸಿದೆವು. ನಾಲ್ಕು ಜನ, ಸಾಮಾನು, ಹಿಚ್ (ಟ್ರೇಲರ್ ಕಟ್ಟಲು ಕಾರಿನ ಹಿಂದೆ ಹಾಕುವ ಕೊಂಡಿ) ಸೇರಿ 2,260 ಕೆಜಿ. ಹಿಂದಿನ ಚಕ್ರಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿದಾಗ 1,210. ಈ ಎರಡನೇ ತೂಕವನ್ನು ಬಹಳ ಜನ ಮಾಡಿಸುವುದೇ ಇಲ್ಲ. ಕಾಟಾದವನು ಕೂಡ "ಅರ್ಧ ಗಾಡಿ ಯಾಕೆ?" ಅಂತ ಒಂದು ಥರ ನೋಡಿದ. ಕಾರಿನ ಒಟ್ಟು ತೂಕದ ಮಿತಿ 2,450 ಕೆಜಿ, ಹಿಂದಿನ ಆಕ್ಸಲಿನ ಮಿತಿ 1,400.

ಮೂಕಿಯ ಭಾರ

ಟ್ರೇಲರ್ ತನ್ನ ಮೂಗನ್ನು ಕಾರಿನ ಹಿಚ್ ಮೇಲೆ ಎಷ್ಟು ಒತ್ತುತ್ತದೆ ಎಂಬುದನ್ನು ವೇಬ್ರಿಜ್ ಸರಿಯಾಗಿ ಹೇಳುವುದಿಲ್ಲ. ಅಲ್ಲಿನ ಅಂಕಿ 10 ಕೆಜಿ ಲೆಕ್ಕದಲ್ಲಿ ಜಿಗಿಯುತ್ತದೆ. ಸೊಸೈಟಿಯ ಪಾರ್ಕಿಂಗಿನಲ್ಲಿ, ಜನ ನಿಂತು ತೂಕ ನೋಡಿಕೊಳ್ಳುವ ಮನೆಯ ತಕ್ಕಡಿಯ ಮೇಲೆಯೇ ಮಾಡಿದೆವು. ಟ್ರೇಲರನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿಚ್ಚಿಗೆ ಕಟ್ಟಿದಾಗ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಒಂದು ಮರದ ತುಂಡು ಕೊಟ್ಟು ತಕ್ಕಡಿಯ ಮೇಲೆ ಇಳಿಸಿದೆವು. ಎತ್ತರ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಮರದ ತುಂಡಿನ ತೂಕ ಕಳೆದು 55 ಕೆಜಿ. ಒಟ್ಟು ತೂಕದ ನಾಲ್ಕು ಪರ್ಸೆಂಟ್.

ಈ ಥರದ ಟ್ರೇಲರಿಗೆ ಅಮೆರಿಕದವರು ಹೇಳುವುದು ಹತ್ತರಿಂದ ಹದಿನೈದು ಪರ್ಸೆಂಟ್. ಯುರೋಪಿನವರು ಐದರಿಂದ ಏಳಕ್ಕೇ ತೃಪ್ತರು. ಆದರೆ ಅಲ್ಲಿ ಭಾರದ ಸಾಮಾನೆಲ್ಲ ಆಕ್ಸಲಿನ ಮೇಲೆಯೇ ಇರುವಂತೆ ಕ್ಯಾರವಾನ್ ಕಟ್ಟಿರುತ್ತಾರೆ, ಓಲಾಟ ತಡೆಯುವ ಹಿಚ್ ಹಾಕುತ್ತಾರೆ, ವೇಗವೂ ಕಡಿಮೆ. ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಸಾಮಾನ್ಯ ಮಿತಿ 80 ಕಿಲೋಮೀಟರ್. ಎಷ್ಟೇ ಉದಾರವಾಗಿ ನೋಡಿದರೂ ನಾಲ್ಕು ಪರ್ಸೆಂಟ್ ಯಾವ ಲೆಕ್ಕಕ್ಕೂ ಕೂರುವುದಿಲ್ಲ.

ಕಾರಣ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ನೀರಿನ ಟ್ಯಾಂಕ್ ಹಿಂದಿನ ಹಾಸಿಗೆಯ ಕೆಳಗೆ. ಎರಡೂ ಬ್ಯಾಟರಿ ಅದರ ಪಕ್ಕದಲ್ಲಿ. ಎಲ್ಲವೂ ಆಕ್ಸಲಿನ ಹಿಂದೆ. ಕಾಕಾಗೆ ನಾನು ಪರ್ಸೆಂಟ್ ವಿವರಿಸಲು ಹೊರಟಿದ್ದೆ. ಅವರು ಅರ್ಧಕ್ಕೇ ತಡೆದರು. "ಚಕ್ಕಡಿ ಹಿಂದ ಭಾರ ಆದ್ರ ಮೂಕಿ ಮ್ಯಾಲ ಏಳತೈತಿ, ಎತ್ತಿಗಿ ನೊಗ ನಿಲ್ಲಂಗಿಲ್ಲ. ಇದೂ ಹಂಗ ಅಲ್ಲೇನು?" ಹಾಗೇ. ಮೂಕಿ ಅಂದರೆ ಚಕ್ಕಡಿಯ ಮುಂದೆ ಚಾಚಿರುವ, ನೊಗ ಕಟ್ಟುವ ಮರ. ಅಲ್ಲಿಂದ ಮುಂದೆ ಟ್ರೇಲರಿನ ಮೂಗು ಹಿಚ್ ಮೇಲೆ ಒತ್ತುವ ತೂಕ ನಮ್ಮ ಮಾತಿನಲ್ಲಿ ಮೂಕಿಯ ಭಾರ ಅಂತಲೇ ಆಯಿತು.

ಸುಲಭದ ಉಪಾಯ ಎದುರಿಗೇ ಇತ್ತು: ಬ್ಯಾಟರಿಗಳನ್ನು ಮುಂದಕ್ಕೆ, ಡ್ರಾಬಾರ್ (ಟ್ರೇಲರಿನ ಮುಂದೆ ಚಾಚಿದ ಕಂಬಿ) ಮೇಲಿನ ಪೆಟ್ಟಿಗೆಗೆ ಹಾಕುವುದು. ಟ್ರೇಲರಿನ ಆಕ್ಸಲಿನಿಂದ ಹಿಚ್ಚಿನ ಗುಂಡಿನವರೆಗೆ (ಟ್ರೇಲರಿನ ಮೂಗು ಕೂರುವ ಲೋಹದ ಉಂಡೆ) 3.6 ಮೀಟರ್. ಬ್ಯಾಟರಿ ಇದ್ದದ್ದು ಆಕ್ಸಲಿನ ಹಿಂದೆ ಒಂದೂವರೆ ಮೀಟರಿನಲ್ಲಿ, ಹೋಗಬೇಕಾದದ್ದು ಮುಂದೆ 2.6 ಮೀಟರಿಗೆ. 110 ಕೆಜಿ ಸಾಮಾನು 4.1 ಮೀಟರ್ ಮುಂದೆ ಸರಿದರೆ ಮೂಕಿಯ ಭಾರ 125 ಕೆಜಿ ಏರಬೇಕು. ಮಗ ಅವತ್ತೇ ಬದಲಾಯಿಸಿದ. ತಕ್ಕಡಿಯ ಮಿತಿ 150 ಕೆಜಿ, ಹಾಗಾಗಿ ಈ ಸಲ ಹಲಗೆ ಬೇಕಾಯಿತು. ಹಲಗೆಯ ಒಂದು ತುದಿಗೆ ಇಟ್ಟಿಗೆ, ಇನ್ನೊಂದು ತುದಿಗೆ ತಕ್ಕಡಿ, ಇಟ್ಟಿಗೆಯಿಂದ ಮೂರನೇ ಒಂದು ಭಾಗದ ದೂರಕ್ಕೆ ಟ್ರೇಲರಿನ ಮೂಗು. ತಕ್ಕಡಿ 60 ತೋರಿಸಿತು, ಮೂರು ಪಟ್ಟು 180. ಅಂದರೆ ಹದಿಮೂರು ಪರ್ಸೆಂಟ್. ಮಗನಿಗೆ ಖುಷಿ. ಕೆಲಸ ಮುಗಿಯಿತು ಅಂದುಕೊಂಡ.

ಮತ್ತೆ ವೇಬ್ರಿಜ್‌ಗೆ ಹೋದೆವು. ಟ್ರೇಲರ್ ಕಟ್ಟಿಕೊಂಡು, ಕಾರಿನ ನಾಲ್ಕು ಚಕ್ರ ಮಾತ್ರ ಕಾಟಾದ ಮೇಲೆ: 2,440. ಮಿತಿಗೆ ಹತ್ತು ಕೆಜಿ ಕಡಿಮೆ, ಪಾಸು. ಹಿಂದಿನ ಚಕ್ರಗಳು ಮಾತ್ರ: 1,470. ಮಿತಿ 1,400. ಫೇಲು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಇಡೀ ಪ್ರಕರಣದ ಗಂಟು ಇರುವುದೇ ಇಲ್ಲಿ. ಮೂಕಿಯಿಂದ ಬಂದದ್ದು 180 ಕೆಜಿ, ಆದರೆ ಹಿಂದಿನ ಆಕ್ಸಲ್ ಮೇಲೆ ಏರಿದ್ದು 260. ಉಳಿದ 80 ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಹಿಚ್ಚಿನ ಗುಂಡು ಹಿಂದಿನ ಆಕ್ಸಲಿಗಿಂತ 1.2 ಮೀಟರ್ ಹಿಂದೆ ಇದೆ. ಅಲ್ಲಿ ಒತ್ತಿದರೆ ಹಿಂದಿನ ಆಕ್ಸಲ್ ಆಧಾರವಾಗಿ ಕಾರಿನ ಮುಂಭಾಗ ಎದ್ದುಕೊಳ್ಳುತ್ತದೆ. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲುಗಳ ನಡುವಿನ ದೂರ) 2.75 ಮೀಟರ್. ಎರಡನ್ನೂ ಕೂಡಿಸಿ 2.75ರಿಂದ ಭಾಗಿಸಿದರೆ ಸುಮಾರು 1.44. ಮೂಕಿಯ ಪ್ರತಿ ನೂರು ಕೆಜಿಗೆ ಹಿಂದಿನ ಆಕ್ಸಲ್ ಹೊರುವುದು 144 ಕೆಜಿ. ಮುಂದಿನ ಚಕ್ರಗಳು 44 ಕಳೆದುಕೊಳ್ಳುತ್ತವೆ. ಸ್ಟೀರಿಂಗ್ ಇರುವುದು ಅಲ್ಲೇ, ಬ್ರೇಕಿನ ದೊಡ್ಡ ಪಾಲು ಕೆಲಸ ಮಾಡುವುದೂ ಅಲ್ಲೇ.

ಕ್ಯಾರವಾನ್ ಎಳೆಯುವವರ ನಡುವೆ ಬ್ರಿಟನ್ನಿನ ಒಂದು ಸೂತ್ರ ಓಡಾಡುತ್ತದೆ. ಹೊಸಬರಿಗೆ, ತುಂಬಿದ ಟ್ರೇಲರಿನ ತೂಕ ಕಾರಿನ ಖಾಲಿ ತೂಕದ 85 ಪರ್ಸೆಂಟ್ ದಾಟಬಾರದು ಅಂತ. ಈ ಕಾರಿನ ಖಾಲಿ ತೂಕ 1,860, ಅದರ 85 ಪರ್ಸೆಂಟ್ 1,581. ನಮ್ಮ ಟ್ರೇಲರ್ 1,390. ಸೂತ್ರದ ಪ್ರಕಾರ ಸಲೀಸಾಗಿ ಪಾಸು! ಎಂಜಿನ್ ಪಾಸು, ಒಟ್ಟು ತೂಕ ಪಾಸು, ಸೂತ್ರವೂ ಪಾಸು. ಟೈರು ಮತ್ತು ಆಕ್ಸಲ್ ಎರಡೂ ಫೇಲು. ಸೂತ್ರ ಸುಳ್ಳಲ್ಲ. ಆದರೆ ಅದು ಹುಟ್ಟಿದ್ದು ಮೂಕಿಯ ಭಾರ ಕಡಿಮೆ ಇರುವ, ಬ್ರೇಕ್ ಇರುವ ಕ್ಯಾರವಾನುಗಳ ನಡುವೆ.

ಬ್ಯಾಟರಿಯನ್ನು ಮೂಗಿಗೆ ಹಾಕಿದ್ದರಲ್ಲಿ ಇನ್ನೊಂದು ಕೊರತೆಯೂ ಇತ್ತು. ಮೂಗಿನಲ್ಲಿ 110 ಕೆಜಿ, ಬಾಲದಲ್ಲಿ 80 ಕೆಜಿ ನೀರು. ಪರ್ಸೆಂಟ್ ಚೆನ್ನಾಗಿಯೇ ಬರುತ್ತದೆ. ಆದರೆ ಎರಡು ತುದಿಯಲ್ಲಿ ಭಾರ ಇರುವ ಟ್ರೇಲರ್ ಒಮ್ಮೆ ತೂಗಾಡಲು ಶುರು ಮಾಡಿದರೆ ಬೇಗ ನಿಲ್ಲುವುದಿಲ್ಲ. ಭಾರವೆಲ್ಲ ಆಕ್ಸಲಿನ ಹತ್ತಿರ, ತಗ್ಗಿನಲ್ಲಿ ಇರಬೇಕು. ಮೂಕಿಗೆ ಬೇಕಾದಷ್ಟನ್ನು ಸ್ವಲ್ಪವೇ ಮುಂದಕ್ಕೆ ಸರಿಸಿ ಪಡೆಯಬೇಕು.

ಬ್ರೇಕೇ ಇರಲಿಲ್ಲ

ಟ್ರೇಲರಿಗೆ ಬ್ರೇಕ್ ಹಾಕಿರಲಿಲ್ಲ. ಯಾರೂ ಕೇಳಿರಲಿಲ್ಲ, ವರ್ಕ್‌ಶಾಪಿನವರು ಹೇಳಿರಲಿಲ್ಲ. ಆಸ್ಟ್ರೇಲಿಯಾ, ಯುರೋಪು ಎರಡೂ ಕಡೆ 750 ಕೆಜಿ ದಾಟಿದ ಟ್ರೇಲರಿಗೆ ಸ್ವಂತ ಬ್ರೇಕ್ ಬೇಕೇ ಬೇಕು. ನಮ್ಮಲ್ಲೂ ಟ್ರೇಲರುಗಳ ವಿಂಗಡಣೆಯಲ್ಲಿ ಮೊದಲ ಗೆರೆ ಎಳೆದಿರುವುದು 750 ಕೆಜಿಗೇ. ಅದರ ಒಳಗಿನದು ಟಿ1, ಅಲ್ಲಿಂದ 3,500ರವರೆಗೆ ಟಿ2.

ಮಗ ತನ್ನ ಮೊಬೈಲಿನಲ್ಲಿ ಒಂದು ಅಂಕಿ ತೋರಿಸಿದ. ಆಸ್ಟ್ರೇಲಿಯಾದಲ್ಲಿ ಮಾರುವ ಮಹೀಂದ್ರ ಸ್ಕಾರ್ಪಿಯೋ 2,500 ಕೆಜಿ ಎಳೆಯಬಹುದು ಎಂದು ಕಂಪನಿಯೇ ಹೇಳುತ್ತದೆ. "ಇಲ್ಲಿನ ಗಾಡಿನೂ ಅದೇ ಅಲ್ವಾ ಅಣ್ಣಾ?" ಆ 2,500 ಬ್ರೇಕ್ ಇರುವ ಟ್ರೇಲರಿಗೆ. ಬ್ರೇಕ್ ಇಲ್ಲದಿದ್ದರೆ ಅದೇ ಗಾಡಿಗೆ 750. ಮೇಲಾಗಿ ಹೊರದೇಶಕ್ಕೆ ಹೋಗುವ ಗಾಡಿಯ ಕೂಲಿಂಗ್, ಸ್ಪ್ರಿಂಗ್, ಹಿಚ್ ಇಲ್ಲಿನದರಂತೆಯೇ ಇರಬೇಕೆಂದಿಲ್ಲ. ಅಲ್ಲಿನ ಅಂಕಿ ನೋಡಿ ಆಸೆ ಪಡಬಹುದು, ಅದರ ಭರವಸೆಯಲ್ಲಿ ಘಾಟ್ ಇಳಿಯಬಾರದು.

ಇವರ ಮೊದಲ ಪ್ರವಾಸದ ಯೋಜನೆ ಪಾಚಗಣಿ, ಆಮೇಲೆ ಬೆಳಗಾವಿ, ಅಲ್ಲಿಂದ ಚೋರ್ಲಾ ಘಾಟ್ ಇಳಿದು ಗೋವಾ. ಪಾಚಗಣಿಯಿಂದ ವಾಯಿಗೆ ಇಳಿಯುವ ಪಸರಣಿ ಘಾಟನ್ನೇ ತಗೊಳ್ಳಿ. ಇಳಿತ ಸುಮಾರು 550 ಮೀಟರ್. ಕಾರು ಒಂದೇ ಇಳಿದರೆ ಸುಮಾರು 12 ಮೆಗಾಜೂಲ್ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಟ್ರೇಲರ್ ಜೊತೆಗಿದ್ದರೆ ಹತ್ತಿರ ಹತ್ತಿರ 20. ಕೆಳ ಗೇರಿನಲ್ಲಿ ಎಂಜಿನ್ ಒಂದಷ್ಟು ಹೀರುತ್ತದೆ. ಉಳಿದದ್ದು ಕಾರಿನ ಡಿಸ್ಕಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕುದಿಯುವುದು 205 ಡಿಗ್ರಿಯ ಮೇಲೆ. ಆದರೆ ಅದು ಗಾಳಿಯ ತೇವ ಹೀರುತ್ತದೆ, ಹೀರಿದ ಮೇಲೆ ಮಾನದಂಡ ಕೇಳುವುದು 140 ಡಿಗ್ರಿ ಮಾತ್ರ. ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಕಾಕಾನ ಕಾರಿನಲ್ಲಿ ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಗಾಡಿ ಬದಲಿಸುವುದೋ, ಟ್ರೇಲರ್ ಇಳಿಸುವುದೋ

ದೊಡ್ಡ ಗಾಡಿ ತಗೊಂಡಿದ್ದರೆ ಆಕ್ಸಲಿನ ತೊಂದರೆ ತೀರುತ್ತಿತ್ತು. ಟ್ರೇಲರಿನ ಟೈರು, ಇಲ್ಲದ ಬ್ರೇಕ್, ಹಿಂದೆ ಕೂತ ಟ್ಯಾಂಕು, ಇವು ಮೂರೂ ಹಾಗೇ ಉಳಿಯುತ್ತಿದ್ದವು. ಕೆಟ್ಟ ಟ್ರೇಲರನ್ನು ಇನ್ನೂ ಜೋರಾಗಿ ಎಳೆದಂತೆ ಆಗುತ್ತಿತ್ತು, ಅಷ್ಟೆ. ಹಾಗಾಗಿ ನನ್ನ ಸಲಹೆ ಟ್ರೇಲರಿನ ತೂಕ ಇಳಿಸುವುದು. ಖರ್ಚು ಕಡಿಮೆ ಅನ್ನುವುದೂ ಇತ್ತು, ಇಲ್ಲ ಅನ್ನಲ್ಲ.

ಗುರಿ ಎಷ್ಟು? ಆಕ್ಸಲಿನ ಮಿತಿಯಿಂದ ಶುರು ಮಾಡಿ ಉಲ್ಟಾ ಲೆಕ್ಕ ಹಾಕಿದೆವು. ಆಕ್ಸಲಿನಲ್ಲಿ ಉಳಿದ ಜಾಗ 190 ಕೆಜಿ. 1.44ರಿಂದ ಭಾಗಿಸಿದರೆ ಮೂಕಿಯ ಭಾರಕ್ಕೆ ಗರಿಷ್ಠ 132. ಸ್ವಲ್ಪ ಕೈಬಿಟ್ಟು 110. ಅದು ಟ್ರೇಲರಿನ ಹತ್ತು ಪರ್ಸೆಂಟಿಗಿಂತ ಕಡಿಮೆ ಆಗಬಾರದು ಅಂದರೆ, ತುಂಬಿದ ಟ್ರೇಲರ್ 1,100 ಕೆಜಿ ದಾಟಬಾರದು.

ಕಡಿತದ ದಿನ ಮನೆಯಲ್ಲಿ ಸಣ್ಣ ಪಂಚಾಯಿತಿಯೇ ನಡೆಯಿತು. ಏಸಿ ಹೋಯಿತು. ಟ್ಯೂಬ್ಯುಲರ್ ಬ್ಯಾಟರಿ ಹೋಗಿ ಲಿಥಿಯಂ ಬಂತು, ಒಂದೊಂದು 13 ಕೆಜಿ. ಅಲ್ಲೊಂದರಲ್ಲೇ 84 ಕೆಜಿ ಉಳಿಯಿತು. ದಪ್ಪ ಪ್ಲೈವುಡ್ಡಿನ ಕಪಾಟು ಕಿತ್ತು ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ತೆಳು ಹಲಗೆ ಹೊಡೆಸಿದರು. ಕಬ್ಬಿಣದ ಚಪ್ಪರದ ಬದಲು ಕ್ಯಾನ್‌ವಾಸ್. ಎರಡು ಸಿಲಿಂಡರ್ ಬದಲು ಐದು ಕೆಜಿಯ ಒಂದು. ನೀರಿನ ಟ್ಯಾಂಕ್ ಆಕ್ಸಲಿನ ಮೇಲಕ್ಕೆ ಬಂತು, ರಸ್ತೆಯಲ್ಲಿ 20 ಲೀಟರ್ ಮಾತ್ರ, ಉಳಿದದ್ದು ತಂಗುವ ಊರಿನಲ್ಲಿ. ಕಾಕು ಎರಡನೇ ಕುಕ್ಕರ್ ಬಿಟ್ಟರು, ಉಪ್ಪಿನಕಾಯಿ ಭರಣಿ ಬಿಡಲಿಲ್ಲ. "ಅದು ಕಾರಿನ್ಯಾಗ ನನ್ನ ಕಾಲ ಹತ್ರ ಬರ್ತೈತಿ" ಅಂದರು. ಬಂದರೆ ಬರಲಿ ಅಂತ ಸುಮ್ಮನಾದೆ, ಕಾರಿನ ಲೆಕ್ಕಕ್ಕೆ ಬರೆದುಕೊಂಡೆ.

ಸೇರಿಸಿದ್ದು ಎರಡು. 165/80 ಆರ್14 ಟೈರುಗಳು, ಲೋಡ್ ಇಂಡೆಕ್ಸ್ 85, ಒಂದಕ್ಕೆ 515 ಕೆಜಿ. ಇನ್ನೊಂದು ಓವರ್‌ರನ್ ಬ್ರೇಕ್. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕಿನಿಂದಲೇ ಅದರ ಬ್ರೇಕ್ ಹಿಡಿಯುತ್ತದೆ. ಆ ಬ್ರೇಕಿಗಾಗಿ ಕಾರಿನಲ್ಲಿ ವೈರಿಂಗ್, ಕಂಟ್ರೋಲರ್ ಬೇಡ. ಉದ್ದದ ಇಳಿಜಾರಿನಲ್ಲಿ ಬಿಡದೆ ನೂಕುತ್ತಿದ್ದರೆ ಅದೂ ಬಿಸಿಯಾಗುತ್ತದೆ, ಹಾಗಾಗಿ ಘಾಟಿನಲ್ಲಿ ನಡುವೆ ನಿಲ್ಲಿಸಿ ಹೋಗಬೇಕು. ಕಾರಿಗೆ ಡಾಟ್ 4 ಹೊಸ ಆಯಿಲ್ ಹಾಕಿಸಿದೆವು.

ಹಿಚ್ಚಿನಲ್ಲೂ ಒಂದು ಸಂಗತಿ ಸಿಕ್ಕಿತು. ಟ್ರೇಲರಿನ ಕಪ್ಲರ್ (ಹಿಚ್ಚಿನ ಗುಂಡನ್ನು ಹಿಡಿಯುವ ಟೋಪಿ) ಎರಡು ಇಂಚಿನದು, ಅಂದರೆ 50.8 ಮಿಲಿಮೀಟರ್. ಲೇತಿನಲ್ಲಿ ಮಾಡಿಸಿದ ಗುಂಡು ವರ್ನಿಯರ್ ಹಿಡಿದಾಗ ಸರಿಯಾಗಿ 50. ಕೈಯಲ್ಲಿ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಗುಂಡು ಬದಲಾಯಿತು. ಚಾಸಿಗೆ ವೆಲ್ಡ್ ಮಾಡಿದ್ದ ಹಿಚ್ಚನ್ನೂ ತೆಗೆಸಿ, ಬೋಲ್ಟ್ ಹಾಕಿ ಕೂರಿಸುವಂಥದ್ದನ್ನು ಹಾಕಿಸಿದೆವು.

ಕೊನೆಯ ತೂಕ: ಟ್ರೇಲರ್ 1,040 ಕೆಜಿ. ಮೂಕಿಯ ಭಾರ 108. ಟೈರುಗಳ ಮೇಲೆ 932, ಮಿತಿ 1,030. ಕಾರಿನ ಒಟ್ಟು ತೂಕ ವೇಬ್ರಿಜ್ ಚೀಟಿಯಲ್ಲಿ 2,370, ಹಿಂದಿನ ಆಕ್ಸಲ್ 1,370. ಖಂಬಾಟಕಿ ಘಾಟ್ ಹತ್ತಿ, ಸುರಂಗದ ದಾರಿಯಲ್ಲಿ ವಾಪಸ್ ಬಂದರು. ಅದೇ ನವಲೆ ಇಳಿಜಾರಿನಲ್ಲಿ ಲಾರಿಗಳು ಪಕ್ಕದಲ್ಲಿ ಹಾದುಹೋದವು. ಗಾಳಿಯ ತಳ್ಳು ಗೊತ್ತಾಯಿತು, ಓಲಾಟ ಶುರುವಾಗಲಿಲ್ಲ. ತೂಕ ಇಳಿದರೂ ಟ್ರೇಲರಿನ ಅಗಲ, ಎತ್ತರ ಇಳಿದಿಲ್ಲವಲ್ಲ, ಆ ತಳ್ಳು ಇದ್ದೇ ಇರುತ್ತದೆ. 70 ದಾಟಬೇಡಿ ಅಂತ ಹೇಳಿದ್ದೇನೆ.

ಕಾಗದದ ಕೆಲಸ ಬಾಕಿ ಇದೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿ, ವಿಮೆ ಅದಕ್ಕೂ ಬೇಕು. ಕಾರಿಗೆ ಮಾಡಿಸುವ ಬದಲಾವಣೆಗಳನ್ನೂ ಅದೇ ಕಾಯಿದೆಯ 52ನೇ ಕಲಮಿನ ಮುಂದಿಟ್ಟು ನೋಡಬೇಕು. ಇದನ್ನೆಲ್ಲ ವರ್ಕ್‌ಶಾಪಿಗೆ ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಒಗೆ ಹೋಗಿ ಕೇಳಬೇಕಿತ್ತು. ಈಗ ಕಾಕಾ ಫೈಲು ಹಿಡಿದು ಓಡಾಡುತ್ತಿದ್ದಾರೆ. ನಂಬರ್ ಪ್ಲೇಟ್ ಬರುವವರೆಗೆ ಗೋವಾ ಇಲ್ಲ, ಬೆಳಗಾವಿಗೆ ಮಾಮೂಲಿ ಬಸ್ಸೇ.